ಹತ್ತಿಸುವವರು, ಇಳಿಸುವವರು: ಗುಡೇಕೋಟೆಯ ಗುಂಡುಗಳಿಂದ ಕಡಲ ಕಂಬಗಳವರೆಗೆ

ತೆಲಿಗಿ, ಹರಪನಹಳ್ಳಿ ಸೀಮೆ ಬಿಟ್ಟು ಕೂಡ್ಲಿಗಿ ದಾಟಿ ಗುಡೇಕೋಟೆ ಕಡೆ ಹೊರಟರೆ ಮೆಕ್ಕೆಜೋಳದ ಹೊಲಗಳು ಹಿಂದೆ ಸರಿದು, ಯಾರೋ ಕೂತು ಪೇರಿಸಿಟ್ಟಂಥ ಗುಂಡುಗಲ್ಲಿನ ಗುಡ್ಡಗಳು ಎದುರಾಗುತ್ತವೆ. ಹೊಸಪೇಟೆ, ಹಂಪಿ ಸುತ್ತಲೂ ಅದೇ ನೋಟ. ದನ ಕಾಯುವ ಹುಡುಗರು ಬರಿಗಾಲಲ್ಲಿ ಈ ಗುಂಡುಗಳನ್ನು ಹತ್ತಿಳಿದೇ ಬೆಳೆದಿದ್ದಾರೆ. ಇದೇ ಹತ್ತುವಿಕೆಗೆ ಶಿಲಾರೋಹಣ ಅಥವಾ ರಾಕ್ ಕ್ಲೈಂಬಿಂಗ್ ಎಂಬ ಹೆಸರಿದೆ, ಕ್ರಮವಿದೆ, ಕಲಿಸುವ ಗುರುಗಳಿದ್ದಾರೆ. ಇದರ ಅತಿ ಕಠಿಣ ರೂಪಗಳಲ್ಲೊಂದು ಕಡಲ ನಡುವೆ ಒಂಟಿಯಾಗಿ ನಿಂತ ಕಲ್ಲುಕಂಬಗಳನ್ನು ಏರುವುದು. ನಮ್ಮಿಂದ ಕಡಲು ರಸ್ತೆಯಲ್ಲಿ ಇನ್ನೂರು ಕಿ.ಮೀ.ಗೂ ದೂರ. ಆದರೆ ಕಲ್ಲನ್ನು ಓದುವ ವಿದ್ಯೆ ಎರಡೂ ಕಡೆ ಒಂದೇ.

ಮಾರ್ಗದರ್ಶಿಯ ಕೆಲಸ

ಹತ್ತುವವರಲ್ಲಿ ಮುಂದಾಳಾದ ಮಾರ್ಗದರ್ಶಿ ಮೊದಲು ಏರುತ್ತಾನೆ. ಅವನ ಸೊಂಟಕ್ಕೆ ಹಾರ್ನೆಸ್ ಎಂಬ ಪಟ್ಟಿ, ಅದಕ್ಕೆ ಎಂಟರ ಆಕಾರದ ಗಂಟು ಹಾಕಿ ಕಟ್ಟಿದ ಹಗ್ಗ. ಏರುತ್ತಾ ಬಿರುಕುಗಳಲ್ಲಿ ಲೋಹದ ಬೆಣೆ ಸಿಕ್ಕಿಸುತ್ತಾನೆ. ಕೆಲವು ಕಡೆ ಬಂಡೆಗೆ ಮೊದಲೇ ಬೋಲ್ಟ್ ಕೂರಿಸಿರುತ್ತಾರೆ. ಹಗ್ಗ ಇವುಗಳ ಮೂಲಕ ಹಾದು ಕೆಳಗಿರುವವರ ಕೈಗೆ ಬರುತ್ತದೆ. ಕೆಳಗೆ ನಿಂತವರು ಹಗ್ಗವನ್ನು ಬಿಡುತ್ತಾ, ಬಿದ್ದರೆ ತಡೆಯುವ ಈ ಕೆಲಸಕ್ಕೆ ಬಿಲೇ ಎನ್ನುತ್ತಾರೆ. ಮುಂದಾಳು ಮೇಲೆ ತಲುಪಿ ಭದ್ರವಾಗಿ ಕಟ್ಟಿಕೊಂಡ ಮೇಲೆ, ಹಿಂದಿನವರನ್ನು ಅಲ್ಲಿಂದಲೇ ಹಗ್ಗ ಎಳೆದುಕೊಳ್ಳುತ್ತಾ ಹತ್ತಿಸಿಕೊಳ್ಳುತ್ತಾನೆ.

ನಮ್ಮ ಬಾವಿಯ ಮಿಣಿ ಇದಕ್ಕೆ ಆಗದು. ಅದು ಹಿಗ್ಗುವುದಿಲ್ಲ, ಬಿದ್ದವನ ಸೊಂಟಕ್ಕೆ ಪೆಟ್ಟು ಪೂರ್ತಿ ಬೀಳುತ್ತದೆ. ಹತ್ತುವವರ ಹಗ್ಗ ನೈಲಾನಿನದು, ಬಿದ್ದಾಗ ರಬ್ಬರಿನಂತೆ ಸ್ವಲ್ಪ ಹಿಗ್ಗಿ ಆ ಪೆಟ್ಟನ್ನು ನುಂಗುತ್ತದೆ.

ಹಗ್ಗವಿಲ್ಲದೆ ಚಿತ್ರದುರ್ಗದ ಕೋಟೆ ಗೋಡೆ ಏರುವ ಜ್ಯೋತಿರಾಜ್ ಅವರನ್ನು ನಾಡೆಲ್ಲ ಕೋತಿರಾಜ್ ಎಂದೇ ಗುರುತಿಸುತ್ತದೆ. ಮಂಗಗಳನ್ನು ನೋಡಿ ಕಲಿತೆ ಎಂದು ಅವರೇ ಹೇಳಿಕೊಂಡಿದ್ದಾರೆ. ಆ ಕೌಶಲ ಕಣ್ತುಂಬ ನೋಡುವಂಥದು. ಅದನ್ನು ಕಂಡು ಹಗ್ಗ ಬಿಟ್ಟು ಗೋಡೆಗೆ ಕೈ ಹಾಕುವುದು ಮಾತ್ರ ಸರಿಯಲ್ಲ.

ನಮ್ಮ ಕಲ್ಲಿನ ಗುಣ

ಹಂಪಿ, ಗುಡೇಕೋಟೆಯ ಕಲ್ಲು ಗ್ರಾನೈಟ್. ಭೂವಿಜ್ಞಾನಿಗಳು ಇದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ಕ್ಲೋಸ್‌ಪೇಟೆ ಎಂಬುದು ರಾಮನಗರದ ಹಳೆಯ ಹೆಸರು. ಸುಮಾರು 250 ಕೋಟಿ ವರ್ಷಗಳ ಹಿಂದೆ ನೆಲದಾಳದಲ್ಲಿ ಹೆಪ್ಪುಗಟ್ಟಿದ ಈ ಶಿಲೆಯ ಪಟ್ಟಿ ರಾಮನಗರದಿಂದ ಹಂಪಿಯ ಕಡೆಗೆ ಉದ್ದಕ್ಕೆ ಹರಡಿದೆ. ಮೇಲಿನ ಪದರಗಳು ಸವೆದು ಭಾರ ಇಳಿದಂತೆ ಕಲ್ಲಿನಲ್ಲಿ ಅಡ್ಡ, ಉದ್ದ ಬಿರುಕು ಬಿಟ್ಟಿತು. ಬಿರುಕಿಗೆ ನೀರಿಳಿದು ಅಂಚು, ಮೂಲೆಗಳನ್ನು ಮೊದಲು ತಿಂದಿತು. ಚೌಕವಾಗಿದ್ದದ್ದು ಗುಂಡಾಯಿತು. ಗುಂಡುಗಳನ್ನು ಯಾರೂ ಹೊತ್ತು ತಂದು ಪೇರಿಸಿದ್ದಲ್ಲ. ನಡುವಿನ ಮಣ್ಣು ತೊಳೆದುಹೋಗಿ ಅವು ಇದ್ದಲ್ಲೇ ಉಳಿದವು.

ಈ ಕಲ್ಲಿನ ಮೈ ಉಪ್ಪುಕಾಗದದಷ್ಟು ತರಿತರಿ. ಬೂಟಿನ ರಬ್ಬರು ಚೆನ್ನಾಗಿ ಕಚ್ಚುತ್ತದೆ, ಬೆರಳ ತುದಿಯ ಚರ್ಮ ಮಾತ್ರ ಎರಡು ದಿನದಲ್ಲಿ ಸುಲಿಯುತ್ತದೆ. ಅಪಾಯವಿರುವುದು ಈರುಳ್ಳಿ ಸಿಪ್ಪೆಯಂತೆ ಎದ್ದ ಚಕ್ಕೆಗಳಲ್ಲಿ. ಕೈಯಿಡುವ ಮೊದಲು ಗೆಣ್ಣಿನಿಂದ ತಟ್ಟಿ ನೋಡಬೇಕು. ಗಟ್ಟಿ ಕಲ್ಲು ಗಟ್ಟಿ ದನಿ ಕೊಡುತ್ತದೆ, ಬಿಟ್ಟುಕೊಂಡ ಚಕ್ಕೆ ಒಡಕು ಮಡಕೆಯಂತೆ ಟೊಳ್ಳಾಗಿ ನುಡಿಯುತ್ತದೆ. ನಮ್ಮ ಕಲ್ಲುಕುಟಿಗರಿಗೆ ಈ ದನಿಯ ಲೆಕ್ಕ ತಲೆಮಾರುಗಳಿಂದ ಗೊತ್ತು. ಹಂಪಿಯ ಬಂಡೆಗಳ ಮೇಲೆ ಸಾಲಾಗಿ ಕಾಣುವ ಬೆಣೆಗುಳಿಗಳು ಅವರ ಹಿರಿಯರು ಬಿಟ್ಟುಹೋದ ಗುರುತು.

ಹಂಪಿ, ಬಾದಾಮಿ, ಸಾವನದುರ್ಗ

ಹಂಪಿಯಲ್ಲಿ ನಡೆಯುವುದು ಹೆಚ್ಚಾಗಿ ಬೌಲ್ಡರಿಂಗ್: ಹಗ್ಗವಿಲ್ಲದೆ ಗಿಡ್ಡ ಗುಂಡುಗಳನ್ನು ಹತ್ತುವುದು. ಕೆಳಗೆ ಕ್ರ್ಯಾಶ್ ಪ್ಯಾಡ್ ಎಂಬ ದಪ್ಪ ಹಾಸಿಗೆ ಹಾಕಿ, ಬೀಳುವವರು ಅದರ ಮೇಲೆ ಸರಿಯಾಗಿ ಬೀಳುವಂತೆ ಒಬ್ಬರು ಕೈಯೊಡ್ಡಿ ನಿಲ್ಲುತ್ತಾರೆ. ಅಮೆರಿಕದ ಕ್ರಿಸ್ ಶರ್ಮಾ ಇಲ್ಲಿ ಹತ್ತಿದ್ದನ್ನು ತೋರಿಸುವ 'ಪಿಲ್ಗ್ರಿಮೇಜ್' ಚಿತ್ರ 2003ರಲ್ಲಿ ಬಂದ ಮೇಲೆ ಹೊರದೇಶದವರ ದಂಡು ಹೆಚ್ಚಿತು. ಅವರ ಬಿಡಾರವಾಗಿದ್ದ ವಿರೂಪಾಪುರ ಗಡ್ಡೆಯ ತಂಗುಮನೆಗಳನ್ನು 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ತೆರವು ಮಾಡಲಾಯಿತು. ಹಂಪಿ 1986ರಿಂದ ವಿಶ್ವ ಪರಂಪರೆಯ ತಾಣ. ಇಲ್ಲಿ ಗುಡಿ, ಮಂಟಪ, ಕೋಟೆಗೋಡೆಗಳ ಮೇಲೆ ಹತ್ತುವುದು ಕಾನೂನಿಗೂ ವಿರುದ್ಧ, ಮರ್ಯಾದೆಗೂ ವಿರುದ್ಧ. ಯಾವ ಗುಂಡು ಮುಟ್ಟಬಹುದು, ಯಾವುದನ್ನು ಮುಟ್ಟಬಾರದು ಎಂದು ಊರು ಬಲ್ಲ ಮಾರ್ಗದರ್ಶಿಯೇ ಹೇಳಬೇಕು.

ಬಾದಾಮಿಯ ಕೆಂಪು ಮರಳುಗಲ್ಲು ಬೇರೆ ಜಾತಿ. ಗೋಡೆ ನೆಟ್ಟಗೆ, ಅಡ್ಡ ಪದರಗಳಲ್ಲಿ ಬೆರಳಿಗೆ ಒಳ್ಳೆಯ ಹಿಡಿ. ಬೋಲ್ಟ್ ಹಾಕಿದ ದಾರಿಗಳು ಇಲ್ಲಿ ಬೇಕಾದಷ್ಟಿವೆ. ಮಾಗಡಿ ಬಳಿಯ ಸಾವನದುರ್ಗದಲ್ಲಿ ಹಿಡಿಗಿಂತ ಪಾದದ ನಂಬಿಕೆ ಮುಖ್ಯ. ಇಳಿಜಾರು ಬಂಡೆಯ ಮೇಲೆ ಹಗ್ಗದ ಉದ್ದಕ್ಕೆ ಹಗ್ಗದ ಉದ್ದ ಸೇರಿಸುತ್ತಾ ಗಂಟೆಗಟ್ಟಲೆ ಏರಬೇಕು. ಅಲ್ಲಿನ ಒಂದು ದಾರಿಗೆ 'ಬೆಳದಿಂಗಳ ಬಾಲೆ' ಎಂದು ಹೆಸರಿಟ್ಟಿದ್ದಾರೆ. ಹತ್ತುವ ದಾರಿಗೆ ಕನ್ನಡದ ಹೆಸರು ಕೇಳಿದಾಗ ಮನಸ್ಸು ಅರಳುತ್ತದೆ.

ಕಡಲ ಕಂಬ ಹುಟ್ಟುವ ಬಗೆ

ಕಡಲಿಗೆ ಚಾಚಿದ ಬಂಡೆಯ ಮೂಗಿಗೆ ಅಲೆ ಎರಡೂ ಬದಿಯಿಂದ ಬಡಿಯುತ್ತದೆ. ಬಿರುಕಿದ್ದಲ್ಲಿ ಗವಿಯಾಗುತ್ತದೆ, ಗವಿ ಆಚೆ ಬದಿಗೆ ತೂತಾಗಿ ಕಮಾನಾಗುತ್ತದೆ. ಕಮಾನಿನ ಮಾಡು ಕುಸಿದರೆ ತುದಿಯ ಕಾಲು ಒಂಟಿಯಾಗಿ ನಿಲ್ಲುತ್ತದೆ. ಅದೇ ಕಡಲ ಕಂಬ. ಅದೂ ಒಂದು ದಿನ ಬೀಳುತ್ತದೆ.

ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪಗಳ 'ಓಲ್ಡ್ ಮ್ಯಾನ್ ಆಫ್ ಹಾಯ್', ಅಂದರೆ ಹಾಯ್ ದ್ವೀಪದ ಮುದುಕ, 137 ಮೀಟರ್ ಎತ್ತರದ ಮರಳುಗಲ್ಲಿನ ಕಂಬ. ಮುದುಕ ಎಂದರೂ ಕಲ್ಲಿನ ಲೆಕ್ಕದಲ್ಲಿ ಅದು ಕೂಸು: 1750ರ ನಕಾಶೆಯಲ್ಲಿ ಅಲ್ಲಿ ಕಂಬವೇ ಇಲ್ಲ. 1966ರಲ್ಲಿ ಕ್ರಿಸ್ ಬಾನಿಂಗ್ಟನ್, ರಸ್ಟಿ ಬೇಲಿ, ಟಾಮ್ ಪೇಟಿ ಇದನ್ನು ಮೊದಲ ಬಾರಿಗೆ ಏರಿದರು. ಮರುವರ್ಷ ಬಿಬಿಸಿ ಈ ಏರಿಕೆಯನ್ನು ಟೀವಿಯಲ್ಲಿ ನೇರವಾಗಿ ತೋರಿಸಿತು. ಐರ್ಲೆಂಡಿನ ಡೊನೆಗಾಲ್ ತೀರದಲ್ಲಿ, ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಇಂಥ ಕಂಬಗಳಿವೆ. ಟಾಸ್ಮೇನಿಯಾದ 'ಟೋಟೆಮ್ ಪೋಲ್' 65 ಮೀಟರ್ ಎತ್ತರವಿದ್ದೂ ಬುಡದಲ್ಲಿ ಕೆಲವೇ ಮೀಟರ್ ಅಗಲ.

ಇಳಿಯುವ ಲೆಕ್ಕ

ಗುಡ್ಡದ ತುದಿಗೆ ಹೋದವರು ಹಿಂಬದಿಯಿಂದ ನಡೆದು ಇಳಿಯಬಹುದು. ಕಡಲ ಕಂಬಕ್ಕೆ ಹಿಂಬದಿ ಎಂಬುದೇ ಇಲ್ಲ. ಏರಿದವರು ಹಗ್ಗಕ್ಕೆ ಜೋತು ಜಾರಿಯೇ ಇಳಿಯಬೇಕು. ಹಾಯ್ ಕಂಬದ ಎರಡನೆಯ ಹಂತದಲ್ಲಿ ದಾರಿ ಪಕ್ಕಕ್ಕೆ ಸರಿದು, ಹೊರಚಾಚಿದ ಬಂಡೆಯ ಕೆಳಗೆ ಸಾಗುತ್ತದೆ. ಇಳಿಯುವಾಗ ಹಗ್ಗ ನೇರ ಕೆಳಗೆ ಬಿಟ್ಟರೆ ಮನುಷ್ಯ ಬಂಡೆಗೆ ಎಟುಕದೆ ಗಾಳಿಯಲ್ಲಿ ತೂಗುತ್ತಾನೆ. ಅದಕ್ಕೇ ಏರುವಾಗಲೇ ಅಲ್ಲೊಂದು ಹಗ್ಗ ಕಟ್ಟಿ ಬಿಟ್ಟು ಹೋಗುತ್ತಾರೆ. ಇಳಿಯುವಾಗ ಅದನ್ನು ಹಿಡಿದು ಬಂಡೆಯ ಕಡೆ ಎಳೆದುಕೊಳ್ಳುತ್ತಾರೆ. ಗೊತ್ತಿಲ್ಲದವನಿಗೆ ಇದು ಮೇಲೆ ಹೋದ ಮೇಲೆ ಹೊಳೆಯುತ್ತದೆ, ಆಗ ಹೊತ್ತು ಮೀರಿರುತ್ತದೆ. ಮಾರ್ಗದರ್ಶಿಗೆ ಕೊಡುವ ಹಣ ಈ ಮುಂದಾಲೋಚನೆಗೆ ಎಂದೇ ನನ್ನ ಎಣಿಕೆ.

ಕೆಲವು ಕಂಬಗಳ ಬುಡಕ್ಕೆ ಈಜಿಯೋ ಪುಟ್ಟ ದೋಣಿಯಲ್ಲೋ ಹೋಗಬೇಕು. ಭರತದಿಂದ ಇಳಿತಕ್ಕೆ ಸುಮಾರು ಆರು ತಾಸು. ನೀರು ಮತ್ತೆ ಏರುವುದರೊಳಗೆ ಹತ್ತಿ, ಇಳಿದು, ದಡ ಸೇರಬೇಕು. ಆದರೂ ಸರಿಯಾದ ಜೊತೆಯಿದ್ದರೆ ಆಗುವ ಕೆಲಸ ದೊಡ್ಡದು. 2013ರಲ್ಲಿ ಕಣ್ಣು ಕಾಣದ ರೆಡ್ ಸೆಲ್ ಮಾರ್ಗದರ್ಶಿಗಳ ಜೊತೆ ಹಾಯ್ ಕಂಬದ ತುದಿ ಮುಟ್ಟಿದರು.

ನಮ್ಮ ಕರಾವಳಿಯಲ್ಲಿ

ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪದಲ್ಲಿ ಕಂಬಗಳಿವೆ, ಆದರೆ ಅವು ಅಲೆ ಕಡೆದವಲ್ಲ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದಲ್ಲಿ ಉಕ್ಕಿದ ಲಾವಾ ತಣಿದು ಕುಗ್ಗುತ್ತಾ ಜೇನುಹುಟ್ಟಿನ ಕಣ್ಣುಗಳಂತೆ ಬಹುಕೋನದ ಕಂಬಗಳಾಗಿ ಸೀಳಿತು. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ನೋಡಲು ಇರುವುದು, ಹತ್ತಲು ಅಲ್ಲ. 2022ರ ಏಪ್ರಿಲ್‌ನಲ್ಲಿ ಕೇರಳದಿಂದ ಪ್ರವಾಸ ಬಂದಿದ್ದ ಮೂವರು ವಿದ್ಯಾರ್ಥಿಗಳು ಅಲ್ಲಿ ಕಡಲಿನ ಪಾಲಾದರು. ಪಾಚಿ ಹಿಡಿದ ಒದ್ದೆ ಕಲ್ಲು ಹಂಪಿಯ ಒಣಗುಂಡಿನಂತೆ ಪಾದ ಹಿಡಿಯುವುದಿಲ್ಲ ಎಂಬುದನ್ನು ಬಯಲುಸೀಮೆಯಿಂದ ಹೋಗುವ ನಮ್ಮ ಮಕ್ಕಳಿಗೆ ಮೊದಲೇ ಹೇಳಿ ಕಳಿಸಬೇಕು.

ಕುಮಟಾ ತಾಲ್ಲೂಕಿನ ಯಾಣದ ಭೈರವೇಶ್ವರ ಶಿಖರ ಸುಮಾರು 120 ಮೀಟರ್, ಮೋಹಿನಿ ಶಿಖರ 90 ಮೀಟರ್. ಕಾಡಿನ ನಡುವೆ ನಿಂತ ಈ ಕಪ್ಪು ಸುಣ್ಣಕಲ್ಲುಗಳು ಕಡಲ ಕಂಬವನ್ನೇ ನೆನಪಿಸುತ್ತವೆ. ಅವು ದೇವರ ಜಾಗ. ಕೆಳಗೆ ನಿಂತು ಕೈಮುಗಿದು ಬಂದರೆ ಸಾಕು.

ಕಲ್ಲಿನ ಮೊದಲ ನಿವಾಸಿಗಳು

ಉತ್ತರದ ಕಡಲ ಕಂಬಗಳಲ್ಲಿ ಫುಲ್ಮಾರ್ ಎಂಬ ಹಕ್ಕಿ ಗೂಡಿನ ಹತ್ತಿರ ಬಂದವರ ಮೇಲೆ ನಾರುವ ಎಣ್ಣೆ ಉಗುಳುತ್ತದೆ. ನಮ್ಮಲ್ಲಿ ಆ ಕಾವಲು ಹೆಜ್ಜೇನಿನದು. ಹೊರಚಾಚಿದ ಬಂಡೆಯಡಿ ಹುಟ್ಟು ಕಂಡರೆ ಸದ್ದಿಲ್ಲದೆ ಹಿಂದಿರುಗಬೇಕು. ಹಗ್ಗಕ್ಕೆ ಕಟ್ಟಿಕೊಂಡವನು ಜೇನಿನಿಂದ ಓಡಲಾರ. ಗುಡೇಕೋಟೆ, ದರೋಜಿಯ ಗುಂಡುಗಳ ಸಂದುಗಳು ಕರಡಿಗಳ ಮನೆ. ಎರಡೂ ಕರಡಿಧಾಮಗಳು, ಅಲ್ಲಿ ಅರಣ್ಯ ಇಲಾಖೆಯ ಒಪ್ಪಿಗೆಯಿಲ್ಲದೆ ಕಾಲಿಡುವಂತಿಲ್ಲ. ರಾಮನಗರದ ರಾಮದೇವರ ಬೆಟ್ಟ 2012ರಲ್ಲಿ ರಣಹದ್ದುಗಳ ಧಾಮವಾಯಿತು. 'ಶೋಲೆ' ಚಿತ್ರ ತೆಗೆದ ಆ ಬೆಟ್ಟವನ್ನು ಹಕ್ಕಿಗೆ ಬಿಟ್ಟುಕೊಟ್ಟದ್ದು ನ್ಯಾಯವೇ ಆಯಿತು.

ಕಲಿಯುವವರಿಗೆ

ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯಡಿ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಶಿಲಾರೋಹಣ ಶಿಬಿರಗಳನ್ನು ನಡೆಸುತ್ತದೆ. ನವೆಂಬರ್‌ನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಬೇಸಿಗೆಯ ಗುಂಡು ಕಾದ ಹೆಂಚಿನಂತೆ ಅಂಗೈ ಸುಡುತ್ತದೆ. ಯಾರ ಜೊತೆಗೇ ಹೊರಟರೂ ಹಗ್ಗ ಎಷ್ಟು ಹಳತು, ತಲೆಗೆ ಹೆಲ್ಮೆಟ್ ಇದೆಯೇ, ಪೆಟ್ಟಾದರೆ ಹತ್ತಿರದ ಆಸ್ಪತ್ರೆ ಯಾವುದು ಎಂದು ಕೇಳಿ. ಇಳಿಯುವುದು ಹೇಗೆ ಎಂದು ಎಲ್ಲಕ್ಕಿಂತ ಮೊದಲು ಕೇಳಿ. ತಡವರಿಸಿದರೆ ಆ ದಿನ ಹತ್ತಬೇಡಿ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಕಾಲೇಜುಗಳ ದೈಹಿಕ ಶಿಕ್ಷಕರಲ್ಲಿ ಒಂದು ಬಿನ್ನಹ. ಈ ಚಳಿಗಾಲಕ್ಕೆ ಹತ್ತು ಹುಡುಗ ಹುಡುಗಿಯರ ಹೆಸರು ಬರೆದು ಅಕಾಡೆಮಿಗೆ ಕಳಿಸಿ. ಹಂಪಿಯ ಗುಂಡುಗಳಿಗೆ ದೂರದಿಂದ ಬರುವವರ ಹಗ್ಗ ನಮ್ಮ ಸೀಮೆಯ ಮಕ್ಕಳ ಕೈಯಲ್ಲಿರಲಿ.