ಪ್ಯಾಲೆಸ್ಟೈನಿನ ಪ್ರಶ್ನೆಯೂ ಕಲಬುರ್ಗಿಯ ಸೀಮೆಯೂ

ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳು ೧೯೪೮ನೆಯ ಇಸವಿಯವರೆಗೆ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದುವು. ಇವುಗಳ ಭವಿತವ್ಯವೂ ದೂರದ ಪ್ಯಾಲೆಸ್ಟೈನಿನ ಭವಿತವ್ಯವೂ ಹೆಚ್ಚುಕಡಮೆ ಒಂದೇ ಕಾಲದಲ್ಲಿ ವಿಶ್ವಸಂಸ್ಥೆಯ ಮುಂದೆ ಬಂದುವೆಂಬುದನ್ನು ನಮ್ಮಲ್ಲಿ ಅಷ್ಟಾಗಿ ಗಮನಿಸಿದಂತೆ ತೋರುವುದಿಲ್ಲ.

೧೯೪೭ನೆಯ ನವೆಂಬರ್ ೨೯ರಂದು ವಿಶ್ವಸಂಸ್ಥೆಯ ಸಾಮಾನ್ಯ ಸಭೆಯು ಪ್ಯಾಲೆಸ್ಟೈನನ್ನು ವಿಭಾಗಿಸತಕ್ಕದ್ದೆಂದು ೩೩ ಮತಗಳಿಂದ ನಿರ್ಣಯಿಸಿತು. ವಿರುದ್ಧವಾಗಿ ಬಿದ್ದ ೧೩ ಮತಗಳಲ್ಲಿ ಭಾರತದ್ದೂ ಒಂದು. ಅದಕ್ಕೆ ಮೊದಲು ವಿಚಾರಣಾ ಸಮಿತಿಯಲ್ಲಿ ಭಾರತ, ಇರಾನ್, ಯುಗೋಸ್ಲಾವಿಯಗಳ ಸದಸ್ಯರು, ಅರಬರೂ ಯೆಹೂದ್ಯರೂ ಒಂದೇ ಸಂಯುಕ್ತ ರಾಜ್ಯದಲ್ಲಿರಲೆಂದು ಅಲ್ಪಮತದ ವರದಿಯನ್ನು ಕೊಟ್ಟಿದ್ದರು. ಅದೇ ನವೆಂಬರ್ ೨೯ರಂದು ನಿಜಾಮರು ಭಾರತದೊಡನೆ ಯಥಾಸ್ಥಿತಿ ಒಪ್ಪಂದಕ್ಕೆ ರುಜು ಹಾಕಿದರು. ಒಪ್ಪಂದವು ಬಾಳಲಿಲ್ಲ. ರಜಾಕಾರರ ಹಾವಳಿಗೆ ಅಂಜಿ ಈ ಸೀಮೆಯ ಜನರು ಗಡಿದಾಟಿ ಸೊಲ್ಲಾಪುರ, ವಿಜಾಪುರಗಳ ಕಡೆಗೆ ಹೋದರು. ೧೯೪೮ನೆಯ ಆಗಸ್ಟಿನಲ್ಲಿ ನಿಜಾಮರ ಸರ್ಕಾರವು ಭದ್ರತಾ ಮಂಡಳಿಗೆ ದೂರಿತ್ತಿತು. ಸೆಪ್ಟೆಂಬರ್ ೧೩ರಂದು ಭಾರತದ ಸೈನ್ಯವು ಸಂಸ್ಥಾನವನ್ನು ಹೊಕ್ಕಿತು. ೧೬ರಂದು ಪ್ಯಾರಿಸ್ಸಿನಲ್ಲಿ ಸೇರಿದ ಮಂಡಳಿಯ ಮುಂದೆ ಭಾರತದ ಪಕ್ಷವನ್ನು ಮಂಡಿಸಿದವರು ಮೈಸೂರಿನ ದಿವಾನರಾಗಿದ್ದ ರಾಮಸ್ವಾಮಿ ಮೊದಲಿಯಾರರು. ಮರುದಿನವೇ ಹೈದರಾಬಾದು ಶರಣಾಯಿತು. ಅದೇ ದಿನ ಜೆರೂಸಲೇಮಿನಲ್ಲಿ ವಿಶ್ವಸಂಸ್ಥೆಯ ಸಂಧಾನಕಾರ ಬರ್ನಡೋಟೆಯ ಕೊಲೆಯಾಯಿತು. ಕೆಲವೇ ದಿನಗಳಲ್ಲಿ ನಿಜಾಮರು ದೂರನ್ನು ಹಿಂದೆಗೆದರು.

ದಿನಾಂಕಗಳ ಈ ಕೂಟವು ಕಾಕತಾಳೀಯವೇ ಸರಿ; ಅದರ ಮೇಲೆ ಸಿದ್ಧಾಂತವನ್ನು ಕಟ್ಟಲಾಗದು. ವಿಚಾರ್ಯವಾದ ಅಂಶ ಬೇರೆ. ಕೌಟಿಲ್ಯನು ರಾಜ್ಯದ ಏಳು ಅಂಗಗಳನ್ನು ಹೇಳುವಾಗ ಸ್ವಾಮಿ, ಅಮಾತ್ಯರಾದ ಮೇಲೆ ಜನಪದವನ್ನೂ ಕಟ್ಟಕಡೆಗೆ ಮಿತ್ರನನ್ನೂ ಎಣಿಸುತ್ತಾನೆ. ಹೈದರಾಬಾದಿನಲ್ಲಿ ಮಿತ್ರರನ್ನು ಅರಸಿ ಹೊರಟವನು ಸ್ವಾಮಿ. ಆಳಂದದ ರೈತನ ಅಭಿಮತವನ್ನು ಆತನ ದೂತರು ಒಯ್ದಿರಲಿಲ್ಲ. ಶರಣಾಗತಿಯ ಸಮಯದಲ್ಲಿಯೂ ಅನಂತರವೂ ಮಡಿದವರ ಸುದ್ದಿಯೂ ಆ ಸಭೆಯಲ್ಲಿ ವಿಚಾರಣೆಗೆ ಬರಲಿಲ್ಲ. ಭಾರತ ಸರ್ಕಾರವೇ ಕಳುಹಿಸಿದ ಸುಂದರಲಾಲರ ಸಮಿತಿಯು ಸಂಸ್ಥಾನದಲ್ಲಿ ಸತ್ತವರು ೨೭ರಿಂದ ೪೦ ಸಾವಿರವೆಂದು ಅಂದಾಜು ಮಾಡಿ, ಅತ್ಯಂತ ನೊಂದ ನಾಲ್ಕು ಜಿಲ್ಲೆಗಳಲ್ಲಿ ಕಲಬುರ್ಗಿಯನ್ನೂ ಸೇರಿಸಿತು. ಸತ್ತವರಲ್ಲಿ ಬಹುಮಂದಿ ಮುಸಲ್ಮಾನರು. ಆ ವರದಿಯು ದಶಕಗಳ ಕಾಲ ಕಡತದಲ್ಲಿಯೇ ಇದ್ದಿತು. ಚರಿತ್ರಕಾರನು ರಜಾಕಾರರ ಕ್ರೌರ್ಯವನ್ನು ಬರೆದು ಇದನ್ನು ಬಿಡುವುದು ನ್ಯಾಯವಲ್ಲ.

ಪ್ಯಾಲೆಸ್ಟೈನಿನ ಸ್ಥಿತಿ ಇದಕ್ಕೆ ವಿಪರೀತ. ಅಲ್ಲಿ ಜನಪದವಿತ್ತು, ಸ್ವಾಮಿಯಿರಲಿಲ್ಲ. ೧೯೪೮ರಲ್ಲಿ ಸುಮಾರು ಏಳು ಲಕ್ಷ ಜನರು ನೆಲೆಗೆಟ್ಟರು. ಬಹುಕಾಲ ಅವರದು ಕೇವಲ ನಿರಾಶ್ರಿತರ ಪ್ರಶ್ನೆಯೆನಿಸಿತ್ತು. ೧೯೭೪ರಲ್ಲಿ ಸಾಮಾನ್ಯ ಸಭೆಯು ೩೨೩೬ನೆಯ ನಿರ್ಣಯದಿಂದ ಅವರ ಸ್ವಯಂನಿರ್ಧಾರದ ಹಕ್ಕನ್ನೂ ಮರಳಿ ಬರುವ ಹಕ್ಕನ್ನೂ ಎತ್ತಿಹಿಡಿಯಿತು. ೧೯೭೭ರಲ್ಲಿ ನವೆಂಬರ್ ೨೯ನ್ನೇ ಅವರೊಡನೆ ಐಕ್ಯವನ್ನು ಸಾರುವ ದಿನವೆಂದು ಗೊತ್ತುಮಾಡಲಾಯಿತು. ಭಾರತವು ೧೯೮೮ರಲ್ಲಿ ಪ್ಯಾಲೆಸ್ಟೈನ್ ರಾಜ್ಯವನ್ನು ಮಾನ್ಯಮಾಡಿತು; ೧೯೯೨ರಲ್ಲಿ ಇಸ್ರೇಲಿನೊಡನೆಯೂ ಪೂರ್ಣ ರಾಯಭಾರಸಂಬಂಧವನ್ನು ಬೆಳೆಸಿತು. ೨೦೧೨ನೆಯ ನವೆಂಬರ್ ೨೯ರಂದು ೧೩೮ ರಾಷ್ಟ್ರಗಳು ಪ್ಯಾಲೆಸ್ಟೈನಿಗೆ ವೀಕ್ಷಕ ರಾಜ್ಯದ ಸ್ಥಾನವನ್ನು ಕೊಟ್ಟುವು. ಅವುಗಳಲ್ಲಿ ಭಾರತವೂ ಇದ್ದಿತು. ಜನಪದಕ್ಕೆ ಮಿತ್ರರು ಹೀಗೆ ದೊರೆತರು. ಆದರೆ ೨೦೨೪ನೆಯ ಏಪ್ರಿಲಿನಲ್ಲಿ ಪೂರ್ಣ ಸದಸ್ಯತ್ವದ ಪ್ರಶ್ನೆ ಭದ್ರತಾ ಮಂಡಳಿಗೆ ಬಂದಾಗ, ೧೨ ಮತಗಳು ಪರವಾಗಿದ್ದರೂ ಅಮೆರಿಕವು ತನ್ನ ನಿಷೇಧಾಧಿಕಾರದಿಂದ ಅದನ್ನು ತಡೆಯಿತು.