ಹೊರದೇಶದ ತಟ್ಟೆಗಳಲ್ಲಿ ಉಳಿದ ಚರಿತ್ರೆ

1970ರಲ್ಲಿ ಆರ್‌ಸಿಎ ಕಂಪನಿ ಬ್ರಿಟನ್ನಿನಲ್ಲಿ ‘ಟೋನ್ ಫ್ಲೋಟ್’ ಎಂಬ ಎಲ್‌ಪಿ ರೆಕಾರ್ಡನ್ನು ಹೊರತಂದಿತು. ಅದನ್ನು ನುಡಿಸಿದವರು ಜರ್ಮನಿಯ ಡ್ಯುಸೆಲ್‌ಡಾರ್ಫ್ ನಗರದ ಹುಡುಗರು. ತಂಡದ ಹೆಸರು ಆರ್ಗನೈಸೇಷನ್. ಜರ್ಮನಿಯಲ್ಲಿ ಮಾತ್ರ ಆ ರೆಕಾರ್ಡು ಬಿಡುಗಡೆಯಾಗಲಿಲ್ಲ. ತಂಡ ಬೇಗನೆ ಒಡೆಯಿತು. ಅದರಲ್ಲಿದ್ದ ರಾಲ್ಫ್ ಹ್ಯೂಟರ್ ಮತ್ತು ಫ್ಲೋರಿಯನ್ ಶ್ನೈಡರ್ ಅದೇ ವರ್ಷ ಹೊಸ ತಂಡ ಕಟ್ಟಿ ‘ಕ್ರಾಫ್ಟ್‌ವೆರ್ಕ್’ ಎಂದು ಹೆಸರಿಟ್ಟರು. ಆ ಪದಕ್ಕೆ ವಿದ್ಯುತ್ ಸ್ಥಾವರ ಎಂದರ್ಥ.

ಎಲೆಕ್ಟ್ರಾನಿಕ್ ಸಂಗೀತವನ್ನು ಜನಪ್ರಿಯ ಹಾಡಿನ ಮನೆಗೆ ತಂದವರಲ್ಲಿ ಇವರದು ಮೊದಲ ಸಾಲು. ಆದರೆ ಇವರ ಆರಂಭವನ್ನು ಹುಡುಕುವವರು ಇಂದಿಗೂ ಹಳೆಯ ತಟ್ಟೆಗಳ, ಅದರಲ್ಲೂ ಹೊರದೇಶಗಳಲ್ಲಿ ಅಚ್ಚಾದ ತಟ್ಟೆಗಳ, ಬೆನ್ನು ಹತ್ತಬೇಕು.

ಕ್ರಾಫ್ಟ್‌ವೆರ್ಕ್‌ನ ಮೊದಲ ಮೂರು ಆಲ್ಬಮ್‌ಗಳು 1970, 1972 ಮತ್ತು 1973ರಲ್ಲಿ ಫಿಲಿಪ್ಸ್ ಮೂಲಕ ಬಂದವು. ಅವುಗಳಲ್ಲಿ ಕೊಳಲಿದೆ, ಆರ್ಗನ್ ಇದೆ. ಮೊದಲ ಆಲ್ಬಮ್ಮಿನಲ್ಲಿ ಡ್ರಮ್ ಬಾರಿಸಿದವರಲ್ಲಿ ಒಬ್ಬನಾದ ಕ್ಲಾಸ್ ಡಿಂಗರ್ ಆಮೇಲೆ ‘ನೋಯ್’ ತಂಡ ಕಟ್ಟಿ ಹೆಸರಾದ. ಧ್ವನಿ ಹದಗೊಳಿಸಿದವನು ಕಾನಿ ಪ್ಲಾಂಕ್. ನಾಲ್ವರು ಯಂತ್ರಮಾನವರಂತೆ ಸಾಲಾಗಿ ನಿಲ್ಲುವ ಕ್ರಾಫ್ಟ್‌ವೆರ್ಕ್ ಇನ್ನೂ ಹುಟ್ಟಿರಲಿಲ್ಲ. ಬ್ರಿಟನ್ನಿನಲ್ಲಿ ವರ್ಟಿಗೊ ಕಂಪನಿ ಮೊದಲ ಎರಡು ಆಲ್ಬಮ್‌ಗಳನ್ನು ಸೇರಿಸಿ ಒಂದೇ ಜೋಡಿ ರೆಕಾರ್ಡಾಗಿ ಮಾರಿತು.

1974ರಲ್ಲಿ ‘ಆಟೋಬಾನ್’ ಬಂದು ಎಲ್ಲವೂ ಬದಲಾಯಿತು. ತಟ್ಟೆಯ ಒಂದು ಬದಿಯನ್ನೇ ತುಂಬುವ, 22 ನಿಮಿಷ ಮೀರಿದ ಹೆದ್ದಾರಿ ಪಯಣದ ಆ ಹಾಡನ್ನು ಮೂರು ಚಿಲ್ಲರೆ ನಿಮಿಷಕ್ಕೆ ಕತ್ತರಿಸಿ ರೇಡಿಯೋಗೆ ಕೊಟ್ಟರು. 1975ರಲ್ಲಿ ಆಲ್ಬಮ್ ಅಮೆರಿಕದ ಪಟ್ಟಿಯಲ್ಲಿ 5ನೇ ಸ್ಥಾನಕ್ಕೇರಿತು. ಗಾಳಿ ಬಂದಾಗ ತೂರಿಕೊಳ್ಳುವುದು ವ್ಯಾಪಾರದ ರೀತಿ. ಅದೇ ವರ್ಷ ವರ್ಟಿಗೊ ಬ್ರಿಟನ್ನಿನಲ್ಲಿ ‘ಎಕ್ಸೆಲರ್ 8’ ಎಂಬ ಸಂಕಲನ ತಂದಿತು. 1981ರಲ್ಲಿ ‘ಎಲೆಕ್ಟ್ರೋ ಕೈನೆಟಿಕ್’ ಬಂತು. ತಂಡ ಅಷ್ಟರಲ್ಲಿ ಬೇರೆ ಕಂಪನಿಗೆ ಹೋಗಿತ್ತು, ಹಳೆಯ ಧ್ವನಿಮುದ್ರಣಗಳು ಹಳೆಯ ಕಂಪನಿಯ ಕೈಯಲ್ಲೇ ಇದ್ದವು. ಹೊಸ ಹೆಸರಿನ ಆಸರೆಯಲ್ಲಿ ಹಳೆಯ ಸರಕನ್ನು ಮಾರಲು ಹೊರಟ ಈ ಸಂಕಲನಗಳು, ಯಾರೂ ಉದ್ದೇಶಿಸದೆ, ಆ ಮೊದಲ ವರ್ಷಗಳ ಸಂಗೀತವನ್ನು ಹೊಸ ಕೇಳುಗರಿಗೆ ದಾಟಿಸಿದವು.

ಹೊರದೇಶದ ಮುದ್ರಣಗಳಿಗೆ ಬೆಲೆ ಬರಲು ಇನ್ನೊಂದು ಕಾರಣ ಭಾಷೆ. 1977ರ ‘ಟ್ರಾನ್ಸ್ ಯೂರೋಪ್ ಎಕ್ಸ್‌ಪ್ರೆಸ್’ನಿಂದ ತಂಡ ಜರ್ಮನ್ ಮತ್ತು ಇಂಗ್ಲಿಷಿನಲ್ಲಿ ಬೇರೆ ಬೇರೆ ಆಲ್ಬಮ್ ಮಾಡತೊಡಗಿತು. ವಾದ್ಯದ ಭಾಗ ಒಂದೇ, ದನಿ ಮಾತ್ರ ಬೇರೆ. 1981ರ ಕ್ಯಾಲ್ಕುಲೇಟರ್ ಹಾಡಂತೂ ಜರ್ಮನ್, ಇಂಗ್ಲಿಷ್, ಫ್ರೆಂಚ್, ಜಪಾನಿ ಭಾಷೆಗಳಲ್ಲೆಲ್ಲ ಬಂತು. ಅಮೆರಿಕದಲ್ಲಿ ಅದರ ಸಿಂಗಲ್ ಪಾರದರ್ಶಕ ಹಳದಿ ತಟ್ಟೆಯಾಗಿ ಅಚ್ಚಾಯಿತು: ಒಂದು ಬದಿ ಇಂಗ್ಲಿಷ್, ಇನ್ನೊಂದು ಬದಿ ಜಪಾನಿ. ಇವುಗಳಲ್ಲಿ ‘ಮೂಲ’ ಯಾವುದು ಎಂದು ಕೇಳಿದರೆ ಉತ್ತರವಿಲ್ಲ, ಎಲ್ಲವೂ ಮೂಲವೇ.

ಸಂಗ್ರಾಹಕರು ತಟ್ಟೆಯನ್ನು ಓದುವ ಬಗೆಯೂ ಬೇರೆ. ಹಾಡಿನ ಗೆರೆಗಳು ಮುಗಿದು ಲೇಬಲ್ ಶುರುವಾಗುವ ಮುನ್ನ ಒಂದಿಷ್ಟು ನುಣುಪು ಜಾಗವಿರುತ್ತದೆ. ಅಲ್ಲಿ ಕೆತ್ತಿದ ಅಕ್ಷರ, ಸಂಖ್ಯೆಗಳು ಅಚ್ಚು ಎಲ್ಲಿ ತಯಾರಾಯಿತೆಂಬುದಕ್ಕೆ ಸುಳಿವು ಕೊಡುತ್ತವೆ. ಎಷ್ಟೋ ಸಲ ಮೂಲ ಟೇಪಿನ ನಕಲು ಇನ್ನೊಂದು ದೇಶಕ್ಕೆ ಹೋಗಿ, ಅಲ್ಲಿ ಹೊಸದಾಗಿ ಅಚ್ಚು ಕೊರೆಯಲಾಗುತ್ತಿತ್ತು. ಹೀಗಾಗಿ ಒಂದೇ ಹಾಡು ಎರಡು ದೇಶಗಳ ತಟ್ಟೆಯಲ್ಲಿ ಎರಡು ಬಗೆಯಾಗಿ ಕೇಳಿಸಬಹುದು.

2009ರಲ್ಲಿ ತಂಡ ತನ್ನ ಎಂಟು ಆಲ್ಬಮ್‌ಗಳನ್ನು ತಿದ್ದಿ ತೀಡಿ ‘ಡೆರ್ ಕಾಟಲೋಗ್’ ಎಂಬ ಪೆಟ್ಟಿಗೆಯಲ್ಲಿ ಇಟ್ಟಿತು. ಅಲ್ಲಿ ಚರಿತ್ರೆ ಶುರುವಾಗುವುದು ‘ಆಟೋಬಾನ್’ನಿಂದ. ಮೊದಲ ಮೂರಕ್ಕೆ ಜಾಗವಿಲ್ಲ. ಅವು ಅಧಿಕೃತವಾಗಿ ಸಿಡಿಯಾಗಿಯೂ ಬಂದಿಲ್ಲ, ಸಿಕ್ಕಿದ್ದೆಲ್ಲ ಕಳ್ಳಪ್ರತಿ. ಶ್ನೈಡರ್ ಆ ಕಾಲದ ಕೆಲಸವನ್ನು ಪುರಾತತ್ವ ಎಂಬಂತೆ ತಳ್ಳಿಹಾಕಿದ್ದುಂಟು. ‘ಎಲೆಕ್ಟ್ರಿಕ್ ಕೆಫೆ’ಗೆ ‘ಟೆಕ್ನೋ ಪಾಪ್’ ಎಂದು ಹೊಸ ಹೆಸರು ಬಂತು. ‘ಆಟೋಬಾನ್’ನ ಜರ್ಮನ್ ಮುದ್ರಣಕ್ಕೆ ಎಮಿಲ್ ಶುಲ್ಟ್ ಬರೆದಿದ್ದ ವರ್ಣಚಿತ್ರ ಹೊದಿಕೆಯಿಂದ ಇಳಿಯಿತು, ಬ್ರಿಟಿಷ್ ಮುದ್ರಣದ ನೀಲಿ ಹೆದ್ದಾರಿ ಫಲಕದ ವಿನ್ಯಾಸ ಅದರ ಜಾಗಕ್ಕೆ ಏರಿತು. ಹೊರದೇಶದ ಮುಖವೇ ಅಧಿಕೃತ ಮುಖವಾಯಿತು.

ತನ್ನ ಎಳೆಯ ಕೆಲಸವನ್ನು ಬದಿಗಿಡುವ ಹಕ್ಕು ಕಲಾವಿದನಿಗೆ ಇದೆ. ಕವಿಗಳು ಮೊದಲ ಸಂಕಲನವನ್ನು ಮರೆಸಿದ ಹಾಗೆಯೇ ಇದು. ಆದರೆ ಸಂಗೀತ ಒಬ್ಬಿಬ್ಬರ ಸೊತ್ತಲ್ಲ. ಮೊದಲ ಮೂರು ಆಲ್ಬಮ್ ಇಲ್ಲವಾದರೆ ಡಿಂಗರನ ಪೆಟ್ಟು ಹೋಗುತ್ತದೆ, ಶ್ನೈಡರನ ಕೊಳಲು ಹೋಗುತ್ತದೆ, ಆ ದನಿಗಳನ್ನು ಕೂಡಿಸಿದ ಪ್ಲಾಂಕನ ದುಡಿಮೆಯೂ ಮಸುಕಾಗುತ್ತದೆ. ಯಂತ್ರದ ಸಂಗೀತ ಒಂದು ದಿನ ಪೂರ್ಣವಾಗಿ ಉದುರಿ ಬಿತ್ತೆಂಬ ಕಥೆ ಮಾತ್ರ ಉಳಿಯುತ್ತದೆ. ಕಂಪನಿಗಳು ಲಾಭಕ್ಕೆಂದು ಅಚ್ಚು ಹಾಕಿದ, ಮಾಲೀಕರೇ ಮರೆಯಲು ಬಯಸಿದ ಆ ತಟ್ಟೆಗಳು ಬೇರೆ ಕಥೆ ಹೇಳುತ್ತವೆ: ಈ ಯಂತ್ರಕ್ಕೂ ಮೊದಲು ಉಸಿರಿತ್ತು, ತಡವರಿಕೆ ಇತ್ತು.