ಬಂದರಿನಲ್ಲಿ ಉಳಿದವಳು

‘ದಿ ಜಾಝ್ ಸಿಂಗರ್’ 1927ರಲ್ಲಿ ತೆರೆಯ ಮೇಲೆ ಮಾತನಾಡಿದ ಮೇಲೆ ಹಾಲಿವುಡ್‌ನ ಮೂಕಿ ಚಿತ್ರಗಳಿಗೆ ಉಳಿದದ್ದು ಅಲ್ಪಾಯುಷ್ಯ. ಆ ಮುಸ್ಸಂಜೆಯಲ್ಲಿ, 1928ರಲ್ಲಿ ಬಂದದ್ದು ಹೊವಾರ್ಡ್ ಹಾಕ್ಸ್ ನಿರ್ದೇಶನದ ‘ಎ ಗರ್ಲ್ ಇನ್ ಎವ್ರಿ ಪೋರ್ಟ್’.

ಕಥಾನಾಯಕ ಸ್ಪೈಕ್ ಎಂಬ ನಾವಿಕ. ಪಾತ್ರಧಾರಿ ವಿಕ್ಟರ್ ಮೆಕ್‌ಲಾಗ್ಲೆನ್. ಯಾವ ಬಂದರಿಗೆ ಹೋಗಿ ಯಾವ ಹೆಣ್ಣನ್ನು ಅರಸಿದರೂ, ಅವಳ ಬಳಿ ಹೃದಯ ಮತ್ತು ಲಂಗರಿನ ಗುರುತು! ಮತ್ತೊಬ್ಬ ನಾವಿಕ ಮೊದಲೇ ಬಂದುಹೋಗಿದ್ದಾನೆ. ಆ ಪ್ರತಿಸ್ಪರ್ಧಿ ಎದುರಾದಾಗ ಹೊಡೆದಾಟ. ಹೊಡೆದಾಟವೇ ಮುಂದೆ ಪ್ರಾಣಸ್ನೇಹವಾಗುತ್ತದೆ. ಇಲ್ಲಿಯವರೆಗೆ ನಗೆ. ಮಾರ್ಸೆಲ್ಸ್ ಬಂದರಿನಲ್ಲಿ ಕಥೆ ಗಂಭೀರವಾಗುತ್ತದೆ. ಸ್ಪೈಕ್ ಮನಸೋತ ಸರ್ಕಸ್ ಸುಂದರಿಗೆ ಬೇಕಾದದ್ದು ಅವನ ಉಳಿತಾಯದ ಹಣ. ಮೇಲಾಗಿ ಅವಳು ಗೆಳೆಯನ ಹಳೆಯ ಪರಿಚಯದವಳು. ಮುರಿದ ಸ್ನೇಹ ಕೊನೆಗೆ ಕೂಡುತ್ತದೆ, ಹೆಣ್ಣು ಹಿಂದೆ ಉಳಿಯುತ್ತಾಳೆ.

ಹೆಣ್ಣನ್ನು ಬಂದರಿನಷ್ಟೇ ಕ್ಷಣಿಕವೆಂದು ಬಗೆದ ಈ ದೃಷ್ಟಿಯನ್ನು ಇಂದು ಒಪ್ಪಲಾಗದು. ಕಾಲವೂ ಒಪ್ಪಲಿಲ್ಲ. ಆ ಪಾತ್ರ ವಹಿಸಿದ್ದ ಲೂಯಿಸ್ ಬ್ರೂಕ್ಸ್ ಅವರನ್ನು ಇದೇ ಚಿತ್ರದಲ್ಲಿ ಕಂಡ ನಿರ್ದೇಶಕ ಪಾಬ್ಸ್ಟ್ ಬರ್ಲಿನ್ನಿಗೆ ಕರೆಸಿಕೊಂಡರು. 1929ರಲ್ಲಿ ತೆರೆಕಂಡ ‘ಪ್ಯಾಂಡೋರಾಸ್ ಬಾಕ್ಸ್’ನ ಲುಲು ಆಕೆಯೇ. ಗೆಳೆಯರಿಬ್ಬರ ಕಥೆಯೆಂದು ತೆಗೆದ ಚಿತ್ರವನ್ನು ಇಂದು ಬಹಳಷ್ಟು ಜನ ಹುಡುಕಿ ನೋಡುವುದು, ಅವರು ಬಿಟ್ಟುಹೋದ ಆ ಹೆಣ್ಣಿಗಾಗಿ.